ಯುದ್ಧ ಮುಗಿದ ಮೇಲೆ ಕುದುರೆಗಳು ಏನಾದವು?

ಹೈಫಾ ಅಂದ ಕೂಡಲೇ ಮೈಸೂರು ಸೀಮೆಯವರು ನಾವು ಸ್ವಲ್ಪ ಎದೆ ಉಬ್ಬಿಸ್ತೀವಿ. ಉಬ್ಬಿಸೋದ್ರಲ್ಲಿ ತಪ್ಪೇನೂ ಇಲ್ಲ ಬಿಡಿ. 1914ರ ಅಕ್ಟೋಬರಿನಲ್ಲಿ ಬೆಂಗಳೂರು ಬಿಟ್ಟ ಮೈಸೂರು ಲ್ಯಾನ್ಸರ್ಸ್ ಪಡೆ ಈಜಿಪ್ಟು, ಸಿನಾಯ್ ಮರಳುಗಾಡು, ಪ್ಯಾಲೆಸ್ಟೈನು ಎಲ್ಲ ಸುತ್ತಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ರಾಹುತರ ಜೊತೆ ಸೇರಿ ತುರ್ಕರ ಕೈಯಿಂದ ಹೈಫಾ ಪಟ್ಟಣ ಕಿತ್ತುಕೊಂಡಿತು. ಮೇಲೆ ಕಾರ್ಮೆಲ್ ಬೆಟ್ಟದಲ್ಲಿ ಫಿರಂಗಿಗಳು, ಕೆಳಗೆ ಮೆಷಿನ್ ಗನ್ನುಗಳು. ಇವರ ಕೈಯಲ್ಲಿ ಈಟಿ, ಕತ್ತಿ. 1,350ಕ್ಕೂ ಹೆಚ್ಚು ಜನ ಸೆರೆಸಿಕ್ಕರು, 17 ಫಿರಂಗಿ ವಶವಾದವು. ದೆಹಲಿಯ ತೀನ್ ಮೂರ್ತಿ ಇದೆಯಲ್ಲ, ಆ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನ ಲೆಕ್ಕದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ, ಬಸ್ಸಿನಲ್ಲಿ ಹೋಗೋವಾಗ ಯಾರೂ ತಿರುಗಿ ನೋಡಲ್ಲ.

ನನ್ನ ತಲೆಯಲ್ಲಿ ಉಳಿದುಕೊಂಡಿದ್ದು ಇನ್ನೊಂದು ಲೆಕ್ಕ. ಆ ದಿನ ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಗುಂಡು ತಗುಲಿದ ಮೇಲೂ ಓಡಿ, ದಡ ಮುಟ್ಟಿಸಿ, ಆಮೇಲೆ ಬಿದ್ದು ಸತ್ತ ಕುದುರೆಗಳೂ ಇದ್ದವಂತೆ. ಈ ಲೆಕ್ಕ ನಮ್ಮ ಪಠ್ಯಪುಸ್ತಕದಲ್ಲಿ ನೋಡಿದ ನೆನಪಿಲ್ಲ.

ಬದುಕುಳಿದವು? ಇಲ್ಲಿಂದ ಕಥೆ ಹೈಫಾ ಬಿಟ್ಟು ಇಡೀ ಪ್ಯಾಲೆಸ್ಟೈನ್ ದಂಡಿನದಾಗುತ್ತೆ. ಯುದ್ಧ ಮುಗಿದಾಗ ಬ್ರಿಟಿಷ್ ಸೈನ್ಯದ ಕೈಯಲ್ಲಿ ಸಾವಿರಾರು ಕುದುರೆಗಳು. ಹಡಗಿನಲ್ಲಿ ವಾಪಸ್ ಸಾಗಿಸೋಕೆ ಖರ್ಚು, ಜೊತೆಗೆ ರೋಗದ ಭಯ. ಆಸ್ಟ್ರೇಲಿಯಾದಿಂದ ಹೊರದೇಶಗಳ ಯುದ್ಧಕ್ಕೆ ಹೋದ ಸುಮಾರು 1,36,000 ಕುದುರೆಗಳಲ್ಲಿ ತಾಯ್ನಾಡಿಗೆ ವಾಪಸ್ಸಾಗಿದ್ದು ಒಂದೇ ಒಂದು, 'ಸ್ಯಾಂಡಿ' ಅಂತ ಅದರ ಹೆಸರು. ಕೆಲವನ್ನು ಭಾರತದ ಸೈನ್ಯಕ್ಕೆ ಕಳಿಸಿದರು, ವಯಸ್ಸಾದವನ್ನು ಗುಂಡಿಟ್ಟು ಕೊಂದರು. ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟರು. ರಾಹುತ ದಿನಾ ಮೈ ತಿಕ್ಕಿ, ಹೊತ್ತಿಗೆ ಸರಿಯಾಗಿ ಮೇವು ಹಾಕಿ ಸಾಕಿದ ಕುದುರೆ ಕೈರೋದ ಬೀದಿಯಲ್ಲಿ ಕಲ್ಲಿನ ಗಾಡಿ ಎಳೆಯೋಕೆ ಬಿತ್ತು.

ನಮ್ಮೂರು ರಾಮನಾಥಪುರದಲ್ಲಿ ಕುದುರೆ ಅಪರೂಪ. ನಮ್ಮದೇನಿದ್ರೂ ದನ. ಸುಬ್ರಹ್ಮಣ್ಯಸ್ವಾಮಿ ಷಷ್ಠಿ ತೇರಿನ ಹೊತ್ತಿಗೆ ಕೂಡೋ ದನಗಳ ಜಾತ್ರೆಯಲ್ಲಿ ಹಲ್ಲು ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸ್ತಾರೆ. ಮುದಿ ಎತ್ತು ಮಾರಿದ ರೈತ, ಅದು ಮುಂದೆ ಎಲ್ಲಿಗೆ ಹೋಗುತ್ತೆ ಅಂತ ದಲ್ಲಾಳಿಯನ್ನು ಕೇಳಲ್ಲ. ಗೊತ್ತಿಲ್ಲ ಅಂತಲ್ಲ, ಕೇಳಿದ್ರೆ ಮಾರೋಕೆ ಮನಸ್ಸು ಬರಲ್ಲ ಅಂತ. ಬ್ರಿಟಿಷ್ ಸೈನ್ಯಕ್ಕೆ ಆ ರೈತನ ಬಡತನದ ನೆಪವೂ ಇರಲಿಲ್ಲ.

ಕೇಳಿದ್ದು ಹನ್ನೊಂದು ವರ್ಷ ಆದ ಮೇಲೆ, ಡೊರೊತಿ ಬ್ರೂಕ್ ಅನ್ನೋ ಹೆಂಗಸು. ಗಂಡ ಜೆಫ್ರಿ ಬ್ರೂಕ್ ಅಶ್ವದಳದ ಅಧಿಕಾರಿ. 1930ರಲ್ಲಿ ಅವನ ಜೊತೆ ಕೈರೋಗೆ ಬಂದವಳು ಹಳೇ ದಂಡಿನ ಕುದುರೆಗಳನ್ನು ಹುಡುಕೋಕೆ ಶುರು ಮಾಡಿದಳು. ಗುರುತು ಹಿಡಿಯೋದು ಕಷ್ಟವಿರಲಿಲ್ಲ, ಸೈನ್ಯದ ಬಾಣದ ಮುದ್ರೆ ಚರ್ಮದ ಮೇಲೆ ಇನ್ನೂ ಇತ್ತು. ಎಲ್ಲವೂ ಇಪ್ಪತ್ತರ ಆಸುಪಾಸು, ಕೆಲವು ಅದಕ್ಕೂ ಮೇಲೆ. ಎಲುಬಿನ ಹಂದರ, ಕೆಲವು ಕುಂಟು, ಕೆಲವು ಕುರುಡು. 1931ರ ಏಪ್ರಿಲ್‌ನಲ್ಲಿ ಲಂಡನ್ನಿನ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ ಒಂದು ಪತ್ರ ಬರೆದಳು. ಜನ ದುಡ್ಡು ಕಳಿಸಿದರು. ಕೆಲವೇ ವರ್ಷಗಳಲ್ಲಿ ಸುಮಾರು 5,000 ಕುದುರೆ ಕೊಂಡಳು.

ಕೊಂಡು ಏನು ಮಾಡಿದಳು ಗೊತ್ತಾ? ಬಹುಪಾಲನ್ನು ಕೊಲ್ಲಿಸಿದಳು. ಕೆಲವು ದಿನ ಹೊಟ್ಟೆತುಂಬ ಮೇವು, ನೀರು, ಮಲಗೋಕೆ ಹುಲ್ಲಿನ ಹಾಸು, ಆಮೇಲೆ ನೋವಿಲ್ಲದ ಸಾವು. ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ನಮ್ಮ ಕಡೆ ಮುದಿ ದನ ಕೊಟ್ಟಿಗೆಯಲ್ಲೇ ಸಾಯಲಿ ಅನ್ನೋರು ಇದನ್ನು ಪುಣ್ಯ ಅನ್ನಲ್ಲ. ಆದರೆ ಗೊರಸು ಸವೆದು, ನಿಲ್ಲೋಕೂ ಆಗದ ಕುದುರೆಗೆ ಬೇರೆ ಪುನರ್ವಸತಿ ಏನಿತ್ತು? ಸರ್ಕಾರ 1919ರಲ್ಲಿ ಮಾಡಬೇಕಿದ್ದ ಕೆಲಸವನ್ನೇ ಅವಳು ತಡವಾಗಿ ಮಾಡಿದಳು ಅಂತ ಈಗ ಅನ್ನಿಸುತ್ತೆ.

ಅವಳ ಬಗ್ಗೆ ನನಗೆ ಹೆಚ್ಚು ಗೌರವ ಬಂದಿದ್ದು ಇನ್ನೊಂದು ಕಾರಣಕ್ಕೆ. ಕುದುರೆ ಮಾಲೀಕರನ್ನು ಅವಳು ಕಟುಕರಂತೆ ನೋಡಲಿಲ್ಲ. ಅವರೂ ಕಡುಬಡವರು, ಆ ಕುದುರೆ ಹೋದರೆ ಅವತ್ತಿನ ರೊಟ್ಟಿಗೂ ಕುತ್ತು. ಹಾಗಾಗಿ ಕಸಿದುಕೊಳ್ಳದೆ ದುಡ್ಡು ಕೊಟ್ಟೇ ಕೊಂಡಳು. 1934ರಲ್ಲಿ ಕೈರೋದಲ್ಲಿ 'ಓಲ್ಡ್ ವಾರ್ ಹಾರ್ಸ್ ಮೆಮೋರಿಯಲ್ ಹಾಸ್ಪಿಟಲ್' ತೆರೆದಳು. ಹೆಸರಲ್ಲಿ ಯುದ್ಧದ ಕುದುರೆ ಇದ್ದರೂ ಅಲ್ಲಿ ಬಿಟ್ಟಿ ಚಿಕಿತ್ಸೆ ಸಿಕ್ಕಿದ್ದು ಊರಿನ ಬಡವರ ಕುದುರೆ, ಕತ್ತೆಗಳಿಗೆ. ವಾಸಿ ಮಾಡಿ ಮಾಲೀಕನಿಗೇ ವಾಪಸ್!

ಡೊರೊತಿ 1955ರಲ್ಲಿ ತೀರಿಕೊಂಡಳು. ಅದಕ್ಕೆ ಎರಡು ವರ್ಷ ಮುಂಚೆ, 1953ರಲ್ಲಿ, ಮೈಸೂರು ಲ್ಯಾನ್ಸರ್ಸ್ ರಾಹುತರೂ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಗಿದ್ದರು. ಅವಳ ಆಸ್ಪತ್ರೆಯಿಂದ ಬೆಳೆದ 'ಬ್ರೂಕ್' ಸಂಸ್ಥೆ ಮುಂದೆ ಭಾರತಕ್ಕೂ ಬಂತು. ಇಲ್ಲಿ ಅದು ಹೆಚ್ಚಾಗಿ ಕೆಲಸ ಮಾಡೋದು ಉತ್ತರದ ಇಟ್ಟಿಗೆ ಗೂಡುಗಳಲ್ಲಿ, ಗಾಡಿ ಎಳೆಯೋ ಕುದುರೆ, ಹೇಸರಗತ್ತೆಗಳ ನಡುವೆ.