ಆನೆಯ ನಡೆಯೂ ರಾಗಿಹೊಲದ ಕಾವಲೂ

ಕಾಡುಮೃಗಗಳ ನಡವಳಿಕೆಯನ್ನು ಅವು ಬಾಳುವ ನೆಲದಲ್ಲಿಯೇ ನೋಡಿ ಅರಿಯುವ ವಿದ್ಯೆಯ ಮಾತು ಬಂದೊಡನೆ ನಮ್ಮ ಮನಸ್ಸು ಆಫ್ರಿಕದ ಬಯಲುಗಳ ಕಡೆಗೆ ಹರಿಯುವುದು. ಇಯಾನ್ ಡಗ್ಲಸ್ ಹ್ಯಾಮಿಲ್ಟನ್ನರು 1965ರ ತರುವಾಯ ಟಾಂಜಾನಿಯದ ಮಾನ್ಯಾರ ಸರೋವರದ ಬಳಿ ಒಂದೊಂದು ಆನೆಯನ್ನೂ ಕಿವಿ, ದಂತಗಳ ಗುರುತಿನಿಂದ ಬೇರೆಬೇರೆಯಾಗಿ ಅರಿತು, ಆನೆಯ ಕುಟುಂಬಕ್ಕೆ ಹಿರಿಯ ಹೆಣ್ಣೇ ಯಜಮಾನಿ ಎಂಬುದನ್ನು ಸ್ಪಷ್ಟಪಡಿಸಿದರು. ಆದರೆ ಈ ವಿದ್ಯೆಯ ಕೆಲವು ಮುಖ್ಯ ಪಾಠಗಳು ದೊರೆತುದು ನಮ್ಮ ದೊಡ್ಡಗಾಜನೂರಿನ ಸುತ್ತಣ ಕಾಡುಗಳಲ್ಲಿ ಎಂಬುದನ್ನು ನಾವು ಮರೆಯಲಾಗದು.

ದೊಡ್ಡಗಾಜನೂರೆಂದರೆ ನಟ ರಾಜಕುಮಾರರ ಊರೆಂದು ಕನ್ನಡಿಗರೆಲ್ಲ ಬಲ್ಲರು. ಊರು ಸೇರಿರುವುದು ತಮಿಳುನಾಡಿನ ಈರೋಡು ಜಿಲ್ಲೆಗೆ, ಮನೆಮಾತು ಕನ್ನಡ. ಮನುಷ್ಯರು ಎಳೆದ ಈ ಎಲ್ಲೆಯನ್ನು ಆನೆಗಳು ಅರಿಯವು. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಸತ್ಯಮಂಗಲದ ಕಾಡಿಗೂ ನಡುವೆ ಅವುಗಳ ಓಡಾಟ ಎಂದಿನಿಂದಲೂ ನಡೆದಿದೆ.

ಚಾಮರಾಜನಗರದ ಸೀಮೆಯಲ್ಲಿ ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಮೈಸೂರು ಸಂಸ್ಥಾನದ ಪರವಾಗಿ 1874ರಲ್ಲಿ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿಸಿದನು. ಹಿಡಿಯುವವನು ಮೊದಲು ನೋಡಲೇಬೇಕು. ಕಾಡಿನ ಜನರ ನೆರವಿನಿಂದ ಹಿಂಡುಗಳ ಜಾಡು ಹಿಡಿದು ಕಂಡುದನ್ನು ಆತನು 1878ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಹಿಂಡನ್ನು ನಡೆಸುವುದು ಹೆಣ್ಣಾನೆಯೇ ಹೊರತು ಸಲಗವಲ್ಲವೆಂದು ಅದರಲ್ಲಿ ಖಂಡಿತವಾಗಿ ಹೇಳಿದ್ದಾನೆ. ಇದು ಮಾನ್ಯಾರದ ಅಧ್ಯಯನಕ್ಕೆ ಸುಮಾರು 90 ವರ್ಷ ಹಿಂದಿನ ಮಾತು.

ಮದದ ವಿಷಯವೂ ಹೀಗೆಯೇ. ಮದಗಜ ನಮ್ಮ ಕವಿಗಳಿಗೆ ಶತಮಾನಗಳಿಂದ ಪರಿಚಿತ. ಆಫ್ರಿಕದ ಸಲಗಗಳಿಗೂ ಮದವೇರುವುದೆಂದು ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಅವರು ಕೀನ್ಯಾದ ಅಂಬೊಸೆಲಿಯಲ್ಲಿ ಕಂಡು ವಿದ್ವತ್ಪ್ರಪಂಚಕ್ಕೆ ಸಾರಿದುದು 1981ರಲ್ಲಿ.

ಅದೇ 1981ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರರು ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಅಧ್ಯಯನ ಆರಂಭಿಸಿದರು. ಆನೆ ಹೊಲಕ್ಕೆ ನುಗ್ಗುವುದೇಕೆ? ಹಸಿವೊಂದೇ ಕಾರಣವಲ್ಲ ಎಂಬುದು ಅವರ ಶೋಧನೆಯ ಸಾರ. ತೆನೆಯೊಡೆದ ರಾಗಿಯಲ್ಲಿ ಕಾಡುಹುಲ್ಲಿಗಿಂತ ಪುಷ್ಟಿ ಹೆಚ್ಚು. ಮರಿಗಳನ್ನು ಕಾಯಬೇಕಾದ ಹೆಣ್ಣಾನೆಗಳು ಹಿಂಜರಿಯುತ್ತವೆ. ಒಂಟಿ ಸಲಗ ಅಪಾಯವನ್ನು ಲೆಕ್ಕಿಸದೆ ಅವುಗಳಿಗಿಂತ ಹಲವು ಪಟ್ಟು ಹೆಚ್ಚು ಸಲ ಹೊಲಕ್ಕೆ ಬರುತ್ತದೆ. ಮೈ ಬೆಳೆಸಿ ಬಲಗೊಂಡ ಸಲಗಕ್ಕೆ ಸಂತಾನಲಾಭವೂ ಅಧಿಕವೆಂದು ಅವರು ತರ್ಕಿಸಿದರು. ಅವರ ಗ್ರಂಥ 1989ರಲ್ಲಿ ಹೊರಬಂದಿತು.

ಸಲಗಕ್ಕೆ ಪುಷ್ಟಿಯಾದುದು ರೈತನಿಗೆ ವರ್ಷದ ಅನ್ನ. ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಎಚ್ಚರವಿದ್ದು, ಕೊಂಬೆ ಮುರಿದ ಸದ್ದಿನಿಂದಲೇ ಬಂದುದು ಹಿಂಡೋ ಒಂಟಿಯೋ ಎಂದು ಊಹಿಸಬೇಕಾದವನೂ, ಲದ್ದಿ, ಹೆಜ್ಜೆಗಳನ್ನು ಓದಬಲ್ಲ ಸೋಲಿಗನೂ ಈ ವಿದ್ಯೆಯ ಪಂಡಿತರೇ. ಸ್ಯಾಂಡರ್ಸನ್ನನಿಗೆ ತಪ್ಪಿದರೆ ಬೇಟೆ ಕೈತಪ್ಪುತ್ತಿತ್ತು. ಇವರಿಗೆ ತಪ್ಪಿದರೆ ಪ್ರಾಣವೇ ಹೋದೀತು.

ಸತ್ಯಮಂಗಲದ ಅರಣ್ಯ 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಕಂದಕ, ವಿದ್ಯುತ್ ಬೇಲಿಗಳು ಬಂದಿವೆ. ಇವುಗಳನ್ನು ಎಲ್ಲಿ ಹಾಕಬೇಕು, ಆನೆಯ ದಾರಿಯನ್ನು ಎಲ್ಲಿ ತೆರೆದಿಡಬೇಕು ಎಂಬ ಪ್ರಶ್ನೆಗೆ ಗ್ರಂಥಗಳಷ್ಟೇ ಅಟ್ಟಣೆಯ ಅನುಭವವೂ ಉತ್ತರ ಹೇಳಬಲ್ಲದು. ಆ ಅನುಭವ ಇರುವುದು ಕನ್ನಡದ ಮಾತಿನಲ್ಲಿ, ಹಿರಿಯರ ಬಾಯಲ್ಲಿ. ಅವರಿರುವಾಗಲೇ ಅದನ್ನು ಕೇಳಿ ಬರೆದಿಡುವುದು ಕನ್ನಡ ಸಂಘಗಳು ಕೈಗೊಳ್ಳತಕ್ಕ ಕೆಲಸವೆಂದು ನಾವು ಭಾವಿಸುತ್ತೇವೆ.