ವಾಸ್ತುಗ್ರಂಥಗಳ ಭೂಪರೀಕ್ಷೆಯೂ ಮಲೆನಾಡಿನ ಇಳಿಜಾರೂ

ಮನೆ ಕಟ್ಟುವುದಕ್ಕೆ ಮೊದಲು ನೆಲವನ್ನು ಪರೀಕ್ಷಿಸತಕ್ಕದ್ದೆಂಬ ವಿಷಯದಲ್ಲಿ ವಾಸ್ತುಗ್ರಂಥಗಳಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ವಿಧಿಗಳು ಎಂತಹ ನೆಲವನ್ನು ಕುರಿತು ಹುಟ್ಟಿದವು, ಮಲೆನಾಡಿನ ಕಡಿದಾದ ಇಳಿಜಾರಿಗೆ ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬುದು ವಿಚಾರಣೀಯವಾಗಿದೆ. 2018ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಜೋಡುಪಾಲ ಮೊದಲಾದೆಡೆಗಳಲ್ಲಿ ಗುಡ್ಡಗಳು ಜರಿದು ಮನೆಮಾರುಗಳು ಮಣ್ಣುಪಾಲಾದ ಮೇಲಂತೂ ಈ ವಿಚಾರವನ್ನು ಪಂಡಿತರ ವಿನೋದವೆಂದು ತಳ್ಳಿಹಾಕುವಂತಿಲ್ಲ.

ಕ್ರಿಸ್ತಶಕ 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಹೇಳುವ ಕ್ರಮವು ಹೀಗಿದೆ: ಮನೆಯ ನಡುವಾಗತಕ್ಕ ಸ್ಥಳದಲ್ಲಿ ಒಂದು ಹಸ್ತದ, ಎಂದರೆ ಸುಮಾರು ಒಂದೂವರೆ ಅಡಿಯ ಗುಂಡಿಯನ್ನು ತೋಡಿ, ತೆಗೆದ ಮಣ್ಣಿನಿಂದಲೇ ಅದನ್ನು ಮರಳಿ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅನಿಷ್ಟ. ಅಥವಾ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ಹೋಗಿ ಹಿಂದಿರುಗಿ ನೋಡಿದಾಗ ನೀರು ಕುಗ್ಗದಿದ್ದರೆ ಆ ನೆಲವು ಪ್ರಶಸ್ತವು. ಮಯಮತವಾದರೋ ರಾತ್ರಿ ನೀರೆರೆದು ಬೆಳಗ್ಗೆ ನೋಡಬೇಕೆನ್ನುತ್ತದೆ. ಹಸಿಮಣ್ಣಿನ ಪಾತ್ರೆಯಲ್ಲಿ ದೀಪವಿಟ್ಟು ನೋಡುವುದು, ಗುಂಡಿಯಲ್ಲಿಟ್ಟ ಹೂವು ಬಾಡುವುದನ್ನು ನೋಡುವುದು ಮುಂತಾದವೂ ಬೃಹತ್ಸಂಹಿತೆಯಲ್ಲುಂಟು. ಅವು ಶಕುನದ ಜಾತಿಗೆ ಸೇರಿದವು. ಮೊದಲಿನವು ಶಕುನಗಳಲ್ಲ, ಅಳತೆಗಳು. ಕಾಲಾಂತರದಿಂದ ನೆಲೆನಿಂತು ಬಿಗಿದ ಮಣ್ಣನ್ನು ಅಗೆದರೆ ಅದು ಸಡಿಲಿ ಉಬ್ಬುತ್ತದೆಯಾದ್ದರಿಂದ ಗುಂಡಿ ತುಂಬಿಯೂ ಮಿಗುತ್ತದೆ. ಮೊದಲೇ ಪೊಳ್ಳಾಗಿರುವ, ಇಲ್ಲವೆ ಬೇರೆ ಕಡೆಯಿಂದ ತಂದು ಸುರಿದ ಮಣ್ಣಾದರೆ ತುಳಿದು ತುಂಬುವಾಗ ಅಡಗಿ ಸಾಲದಾಗುತ್ತದೆ.

ಗುಡ್ಡದ ಮೇಲೆ ಮನೆ ಕಟ್ಟುವವರಿಗೆ ಈ ಪರೀಕ್ಷೆ ಅತ್ಯಂತ ಉಪಯುಕ್ತವಾದುದು. ಯಂತ್ರದಿಂದ ಬರೆಯನ್ನು ಕಡಿದು, ಕಡಿದ ಮಣ್ಣನ್ನು ಕೆಳಕ್ಕೆ ನೂಕಿ, ಅಂಗಳವನ್ನು ಮಟ್ಟಮಾಡುವುದು ಇತ್ತೀಚಿನ ರೂಢಿ. ಹೀಗೆ ಮಾಡಿದ ನಿವೇಶನದಲ್ಲಿ ಹಿಂದಿನ ಅರ್ಧವು ಹುಟ್ಟುನೆಲ, ಮುಂದಿನ ಅರ್ಧವು ಸುರಿದ ಮಣ್ಣು. ಕಣ್ಣಿಗೆ ಎರಡೂ ಒಂದೇ. ಮನೆಯನ್ನು ವಿಸ್ತರಿಸಬೇಕೆಂದು ಅಂಗಳದ ಅಂಚಿನಲ್ಲಿ ಹೊಸ ಕೋಣೆಯನ್ನು ಎಬ್ಬಿಸುವವನು ನಡುವೊಂದರಲ್ಲಿ ಗುಂಡಿ ತೋಡಿದರೆ ಸಾಲದು, ಹಿಂದೆಯೂ ಮುಂದೆಯೂ ತೋಡಿ ಹೋಲಿಸಬೇಕು. ಶಾಸ್ತ್ರವು ಒಂದೇ ಗುಂಡಿಯನ್ನು ಹೇಳಿದ್ದು ಸಮಭೂಮಿಯನ್ನು ಮನಸ್ಸಿನಲ್ಲಿಟ್ಟುಕೊಂಡೆಂದು ತೋರುತ್ತದೆ.

ನೀರಿನ ಪರೀಕ್ಷೆಯಲ್ಲಿ ತೊಡಕು ಹೆಚ್ಚು. ಪಶ್ಚಿಮಘಟ್ಟದ ಸೆರಗಿನಲ್ಲಿಯೂ ಕರಾವಳಿಯಲ್ಲಿಯೂ ಮೇಲೆ ಮುರಕಲ್ಲಿನ ಗಟ್ಟಿ ಪದರವಿದ್ದು, ಅದರ ಕೆಳಗೆ ಜನರು ಶೇಡಿ ಎಂದು ಕರೆಯುವ ಬಿಳುಪು, ಹಳದಿ ಅಥವಾ ನಸುಗೆಂಪಿನ ನುಣುಪುಮಣ್ಣು ಹಲವೆಡೆ ದೊರೆಯುತ್ತದೆ. ಒಣಗಿದ್ದಾಗ ಶೇಡಿಯು ಗೋಡೆಯಂತೆ ನಿಲ್ಲುತ್ತದೆ; ನೀರುಂಡಾಗ ಬಲಗುಂದಿ ಹರಿಯುತ್ತದೆ. ಒಂದು ಹಸ್ತದ ಗುಂಡಿಗೆ ಈ ಪದರವು ಸಿಕ್ಕುವುದಿಲ್ಲ. ಮುರಕಲ್ಲಿನ ರಂಧ್ರಗಳಲ್ಲಿ ನೀರು ಬೇಗನೆ ಇಳಿದುಹೋಯಿತೆಂದರೆ ಬಯಲುಸೀಮೆಯ ಸ್ಥಪತಿಯು ನೆಲ ಸಡಿಲವೆಂದಷ್ಟೇ ತೀರ್ಮಾನಿಸಿಯಾನು. ಇಳಿಜಾರಿನಲ್ಲಿ ಕೇಳತಕ್ಕ ಪ್ರಶ್ನೆ ಬೇರೆ: ಇಳಿದ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಡುತ್ತದೆ?

ಇದಕ್ಕೆ ಉತ್ತರವು ವಾಸ್ತುವಿದ್ಯಾಧ್ಯಾಯದಲ್ಲಿಲ್ಲ. ಅಲ್ಲಿ ಪ್ಲವವನ್ನು, ಎಂದರೆ ನೆಲದ ವಾಟವನ್ನು ಕುರಿತು ಹೇಳಿರುವುದು ಅದು ಯಾವ ದಿಕ್ಕಿಗಿರಬೇಕು, ಯಾವ ವರ್ಣಕ್ಕೆ ಯಾವುದು ಹಿತ ಎಂಬುದನ್ನೇ ಹೊರತು, ಎಷ್ಟು ಕಡಿದಾಗಿರಬಹುದೆಂಬುದನ್ನಲ್ಲ. ಉತ್ತರ ದಿಕ್ಕಿಗೆ ವಾಟವಿದೆಯೆಂಬ ಒಂದೇ ಸಮಾಧಾನದಿಂದ ಕಡಿದ ಬರೆಯ ಬುಡದಲ್ಲಿ ಮಲಗುವವನಿಗೆ ಶಾಸ್ತ್ರವು ಹೊಣೆಯಾಗಲಾರದು. ಆದರೆ ಅದರ ಬೆನ್ನಿಗೇ ಬರುವ ದಕಾರ್ಗಲಾಧ್ಯಾಯವು ಇಲ್ಲಿ ನೆರವಾಗುತ್ತದೆ. ಮನುಷ್ಯನ ದೇಹದಲ್ಲಿ ನಾಳಗಳಿರುವಂತೆ ಭೂಮಿಯಲ್ಲಿ ಮೇಲೂ ಕೆಳಗೂ ಜಲಶಿರೆಗಳಿವೆಯೆಂದು ಹೇಳಿ, ನೇರಳೆ ಮೊದಲಾದ ಮರಗಳು, ಹುತ್ತಗಳು ಇವುಗಳಿಂದ ಅಂತರ್ಜಲವನ್ನು ಊಹಿಸುವ ಬಗೆಯನ್ನು ವರಾಹಮಿಹಿರನು ವಿವರಿಸುತ್ತಾನೆ. ಕನ್ನಡದಲ್ಲಿ 11ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವೂ ವಾಸ್ತುವನ್ನೂ ಜಲಶೋಧನೆಯನ್ನೂ ಒಂದೇ ಗ್ರಂಥದಲ್ಲಿ ಇರಿಸಿದೆ. ಬಾವಿ ತೋಡುವವನಿಗೆ ಶುಭಸೂಚಕವಾದ ಲಕ್ಷಣಗಳೇ ಇಳಿಜಾರಿನಲ್ಲಿ ಮನೆ ಕಟ್ಟುವವನಿಗೆ ಎಚ್ಚರಿಕೆಯ ಲಕ್ಷಣಗಳಾಗುತ್ತವೆ. ಎರಡು ಅಧ್ಯಾಯಗಳನ್ನೂ ಕೂಡಿಸಿ ಓದುವ ಪದ್ಧತಿ ತಪ್ಪಿಹೋದುದು ದೊಡ್ಡ ನಷ್ಟ. 2018ರಲ್ಲಿ ಕೊಡಗಿನ ಜನರ ಬಾಯಲ್ಲಿ ಜಲಸ್ಫೋಟವೆಂಬ ಮಾತು ಹರಡಿತು. ಗುಡ್ಡದ ಒಡಲಿನಲ್ಲಿ ತುಂಬಿನಿಂತ ನೀರು ಮಣ್ಣನ್ನು ಒದ್ದುಕೊಂಡು ಹೊರಬಿದ್ದುದನ್ನು ಆ ಮಾತು ಸೂಚಿಸುತ್ತದೆ.

ಗ್ರಂಥಗಳು ಬಿಟ್ಟುದನ್ನು ದೇಶಾಚಾರವು ತುಂಬಿಕೊಂಡಿತ್ತೆನ್ನಬಹುದು. ಕೊಡಗಿನಲ್ಲಿ ಗದ್ದೆಗೆ ಸೇರಿದ ಬಾಣೆಯೂ, ಉತ್ತರ ಕನ್ನಡದ ಅಡಕೆ ತೋಟಿಗರ ಸೊಪ್ಪಿನ ಬೆಟ್ಟವೂ ಮರಗಳಿಂದ ಕೂಡಿದ ಭೂಮಿಗಳು. ಇವುಗಳನ್ನು ಕಾದುಕೊಂಡದ್ದು ಸೌದೆ, ಸೊಪ್ಪು, ಮೇವುಗಳಿಗಾಗಿ. ಗುಡ್ಡ ಜರಿಯದಿರಲೆಂಬ ಸಂಕಲ್ಪದಿಂದಲೇ ಪೂರ್ವಿಕರು ಹಾಗೆ ಮಾಡಿದರೆನ್ನುವುದು ಭಕ್ತಿಯ ಮಾತಾದೀತು, ಇತಿಹಾಸವಾಗದು. ಆದರೂ ಬೇರುಗಳು ಮೇಲ್ಮಣ್ಣನ್ನು ಹಿಡಿದುವೆಂಬುದು ನಿಜವೇ. ಕೊಡಗಿನ ದುರಂತವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಭಾರಿ ಮಳೆಯ ಜೊತೆಗೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದುದನ್ನೂ ಕಾರಣವೆಂದು ಎಣಿಸಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಜರಿದುದು ಹೆದ್ದಾರಿಯ ಮಗ್ಗುಲ ಗುಡ್ಡವೇ.

ಬರೆಗೆ ಆಸರೆಯಾಗಿ ಕಟ್ಟುವ ಗೋಡೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಗಾರೆಯಿಲ್ಲದೆ ಕಾಡುಗಲ್ಲುಗಳನ್ನು ಜೋಡಿಸಿದ ಹಳೆಯ ಕಟ್ಟುಗಳಲ್ಲಿ ಸಂದುಸಂದಿನಿಂದ ನೀರು ಜಿನುಗಿಹೋಗುತ್ತದೆ. ಸಿಮೆಂಟಿನಿಂದ ಬಿಗಿದ ಗೋಡೆಗೆ ನೀರು ಹೊರಡುವ ಕಂಡಿಗಳನ್ನಿಡದೆ ಹೋದರೆ ಅದು ಮಣ್ಣಿನ ಭಾರದ ಜೊತೆಗೆ ನೀರಿನ ಭಾರವನ್ನೂ ಹೊರಬೇಕಾಗುತ್ತದೆ. ಮಳೆಗಾಲದಲ್ಲಿ ಅಂತಹ ಗೋಡೆ ಮುಂದಕ್ಕೆ ಹೊಟ್ಟೆಬಿಟ್ಟು ಬಾಗುವುದು ಇದರಿಂದಲೇ. ಗೋಡೆಯ ನೆತ್ತಿಯಲ್ಲಿ ಅಡ್ಡಲಾಗಿ ಕಣಿಯನ್ನು ತೋಡಿ, ಗುಡ್ಡದಿಂದಿಳಿಯುವ ಮಳೆನೀರನ್ನು ಮನೆಯ ಪಕ್ಕದಿಂದ ಸಾಗಿಸಿದರೆ ಕಂಡಿಗಳ ಮೇಲಿನ ಹೊರೆಯೂ ತಗ್ಗುತ್ತದೆ. ಈ ಕಣಿಯನ್ನು ಮಳೆಗಾಲಕ್ಕೆ ಮೊದಲು ಪ್ರತಿವರ್ಷವೂ ಹೂಳೆತ್ತಿಸತಕ್ಕದ್ದು.