ದಾರಿ ಎಷ್ಟು ಅಗಲ ಅಂತ ಬರೆದಿದೆ?

ಹೋದ ಮಳೆಗಾಲದ ಒಂದು ರಾತ್ರಿ ತಿಪಟೂರು ಕಡೆಯ ನಮ್ಮೂರಲ್ಲಿ ಚಿಕ್ಕಪ್ಪನಿಗೆ ಎದೆನೋವು ಬಂತು. 108 ಬೇಗನೇ ಬಂತು, ಆದರೆ ತೋಟದ ಮನೆ ತನಕ ಬರಲಾಗಲಿಲ್ಲ. ನಡುವೆ ದಾಯಾದಿಗಳ ಬೇಲಿ. ಬೈಕ್ ನುಗ್ಗುವಷ್ಟೇ ಸಂದು. ಚಿಕ್ಕಪ್ಪನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಕೆಸರಲ್ಲಿ ಹೊತ್ತು ತಂದರು. ಬದುಕಿಕೊಂಡರು. ನಾನು ಬೆಂಗಳೂರಲ್ಲಿ ಫೋನ್ ಹಿಡ್ಕೊಂಡು ಕೂತಿದ್ದೆ, ಅಷ್ಟೇ.

ಬೇಲಿ ಹಾಕಿದವರು ಅಪ್ಪನ ದಾಯಾದಿ, ನಮಗೆಲ್ಲ ದೊಡ್ಡಪ್ಪ. ಚಿಕ್ಕಮ್ಮ ಮನೆಯಲ್ಲೇ ಹಪ್ಪಳ ಮಾಡಿ ಪೇಟೆಗೆ ಕಳಿಸ್ತಾರೆ. ಅದನ್ನ ಒಯ್ಯೋ ಲಗೇಜ್ ಆಟೋ ಅವರ ತೆಂಗಿನ ಸಸಿಗಳನ್ನ ತುಳಿದಿತ್ತು. ಕೇಳೋಕೆ ಹೋದರೆ ಅಂದರು: “ನಿಮ್ಮ ತಾತನ ಮಕ್ಕಳಿಗೆ ದಾರಿ ಬಿಟ್ಟಿದ್ದು ಎತ್ತಿನಗಾಡಿಗೆ ಕಣೋ, ವ್ಯಾಪಾರಕ್ಕಲ್ಲ. ಈಗ ನಿಮ್ಮತ್ರ ಎತ್ತೂ ಇಲ್ಲ, ಗಾಡಿನೂ ಇಲ್ಲ.”

ಸಿಟ್ಟಲ್ಲೇ ಗ್ರಾಮನಕ್ಷೆ ತೆಗೆಸಿದೆ. ಹಳೇ ಮೈಸೂರಲ್ಲಿ ಬಾಂಬೆ ಪದ್ಧತಿಯ ಭೂಮಾಪನ ಶುರುವಾದದ್ದು 1863ರಲ್ಲಿ. 33 ಅಡಿಯ ಸರಪಳಿ ಎಳೆದು ಅಳೆದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನಾವು ಇವತ್ತಿಗೂ ಸೈಟಿನ ಲೆಕ್ಕ ಹಾಕುವಾಗ ಹೇಳೋ 1089 ಚದರಡಿ ಬಂದಿದ್ದು ಅಲ್ಲಿಂದಲೇ. ನಕ್ಷೆಯಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ.

ಪಹಣಿಯಲ್ಲಿ ‘ಬಿ ಖರಾಬು’ ಅಂತ ನೋಡಿರ್ತೀರಿ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಅದರ ವಿವರ ಇದೆ. ರಸ್ತೆ, ಗುರುತಿಸಿದ ಕಾಲುದಾರಿ, ಜನ ಬಳಸೋ ಕೆರೆ-ಹಳ್ಳ, ಸ್ಮಶಾನ, ಇವಕ್ಕೆ ಕಂದಾಯ ಇಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ಊರ ಕುಂಬಾರಿಕೆಯ ಜಾಗ. ಅಂದರೆ ನಮ್ಮ ಕಂದಾಯ ಕಾನೂನು ಓಡಾಟದ ದಾರಿಯನ್ನೂ ಕುಂಬಾರನ ಕಸುಬನ್ನೂ ಒಂದೇ ಸಾಲಲ್ಲಿ ಇಟ್ಟಿತ್ತು. ಅದನ್ನ ಓದಿ ಚಿಕ್ಕಮ್ಮನ ಹಪ್ಪಳ ನೆನಪಾಯ್ತು, ಖುಷಿನೂ ಆಯ್ತು.

ಖುಷಿ ಬಹಳ ಹೊತ್ತು ಉಳೀಲಿಲ್ಲ. ಜೋಡಿ ಚುಕ್ಕೆಗೆರೆ ನಮ್ಮ ಸರ್ವೆ ನಂಬರಿನ ಮೂಲೆಗೆ ಬಂದು ನಿಂತುಬಿಟ್ಟಿತ್ತು. ಸರ್ವೆ ಮಾಡುವಾಗ ಒಳಗಿನ ಜಮೀನೆಲ್ಲ ಒಂದೇ ಮನೆಯದು. ತನ್ನ ಹೊಲದೊಳಗೆ ತನಗೇ ಯಾರು ದಾರಿ ಬರೆಸ್ತಾರೆ? ಒಡೆದು ಪಾಲಾಗಿದ್ದು ಎಂಬತ್ತರ ದಶಕದಲ್ಲಿ. ವಿಭಾಗ ಪತ್ರದಲ್ಲಿ ದಾರಿಯ ಬಗ್ಗೆ ಇರೋದು ಎರಡೇ ಪದ: ‘ತಿರುಗಾಡಲು ದಾರಿ’.

ಇಂಥ ದಾರಿಗೆ ಆಧಾರ 1882ರ ಈಸ್‌ಮೆಂಟ್ ಕಾಯ್ದೆ. ಮೊದಲು ಅದು ಮದ್ರಾಸ್, ಮಧ್ಯಪ್ರಾಂತ್ಯ, ಕೊಡಗಿಗೆ ಅನ್ವಯವಾಯಿತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಿಗೂ ಹಾಗೇ ಬಂತು. 1891ರಲ್ಲಿ ಮುಂಬೈ ಪ್ರಾಂತ್ಯಕ್ಕೆ, ಅಂದರೆ ಧಾರವಾಡ, ಬೆಳಗಾವಿ ಕಡೆಗೆ ಬಂತು. ಮೈಸೂರು ಸೀಮೆಯ ಸರದಿ ಬಂದಿದ್ದು ಇನ್ನೂ ಆಮೇಲೆ. ಅದರ 13ನೇ ಕಲಂ ನಮ್ಮ ಪರ: ಕೂಡುಆಸ್ತಿ ಪಾಲಾದಾಗ, ಒಬ್ಬರ ಪಾಲನ್ನ ಅನುಭವಿಸೋಕೆ ಇನ್ನೊಬ್ಬರ ಪಾಲಿನ ಮೇಲೆ ದಾರಿ ಬೇಕೇಬೇಕು ಅಂತಿದ್ದರೆ ಆ ಹಕ್ಕು ತಾನಾಗೇ ಹುಟ್ಟುತ್ತೆ.

ಆದರೆ 28ನೇ ಕಲಂ ದೊಡ್ಡಪ್ಪನ ಕಡೆ ವಾಲುತ್ತೆ. ಆ ಹಕ್ಕು ಹುಟ್ಟಿದ ದಿನ ಅಗತ್ಯ ಎಷ್ಟಿತ್ತೋ ಅಷ್ಟಕ್ಕೇ ದಾರಿ. ಒಂದು ಬಗೆಯ ದಾರಿಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರೋದಿಲ್ಲ ಅಂತಲೂ ಹೇಳುತ್ತೆ. ಪಾಲಾದಾಗ ನಮ್ಮೂರಲ್ಲಿ 108 ಎಲ್ಲಿತ್ತು? ಕರ್ನಾಟಕದಲ್ಲಿ ಆ ಸೇವೆ ಶುರುವಾಗಿದ್ದೇ 2008ರಲ್ಲಿ. ಹಪ್ಪಳದ ಆಟೋ ಅಂತೂ ಯಾರ ಕನಸಲ್ಲೂ ಇರಲಿಲ್ಲ. ಬೇಲಿ ಹಾಕಿ ಗಾಡಿದಾರಿ ಮುಚ್ಚಿದ್ದು ದೊಡ್ಡಪ್ಪನ ತಪ್ಪೇ. ಆದರೆ “ವ್ಯಾಪಾರಕ್ಕಲ್ಲ” ಅಂದಿದ್ದು ಬರೀ ಹಟದ ಮಾತಾಗಿರಲಿಲ್ಲ.

ಕೋರ್ಟಿಗೆ ಹೋಗಬಹುದಿತ್ತು. ಗಾಡಿಯ ಅಗಲ ಸಿಗ್ತಿತ್ತೇನೋ, ಎಷ್ಟೋ ವರ್ಷದ ಮೇಲೆ. ಚಿಕ್ಕಪ್ಪ ಬೇಡ ಅಂದರು. ಯುಗಾದಿಗೆ ಹೋದಾಗ ದೊಡ್ಡಪ್ಪನ ಜಗಲಿ ಮೇಲೆ ಕೂತೆವು. ಚಿಕ್ಕಮ್ಮ ಒಂದೇ ಮಾತಂದರು: “ಬಾವ, ನಿಮಗೂ ಬಿಪಿ ಇದೆ. ನಿಮ್ಮ ಮನೆಗೂ ಗಾಡಿ ಬರೋದು ನಮ್ಮ ಬದು ಮೇಲಿಂದಲೇ.”

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಟೇಪ್ ತರೋಕೆ ಹೇಳಿದರು.

ಈಗ ಕಾಗದದಲ್ಲಿ ಹೀಗಿದೆ: ಹತ್ತು ಅಡಿ ಅಗಲ. ಆಂಬುಲೆನ್ಸು, ಬೆಂಕಿ ಆರಿಸೋ ಗಾಡಿ ಯಾವ ಹೊತ್ತಲ್ಲಾದರೂ. ಲಗೇಜ್ ಆಟೋ ಹಗಲಲ್ಲಿ ಮಾತ್ರ. ಸಸಿಗಳಿಗೆ ಜಾಲರಿ ಹಾಕಿಸೋದು ನಮ್ಮ ಖರ್ಚು. ಎರಡೂ ಮನೆಯವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸಿದೆವು.

ನಿಮ್ಮಲ್ಲೂ ಬಹಳ ಜನ ಊರಿಗೆ ಹೋಗಿ ವಿಭಾಗ ಪತ್ರಕ್ಕೆ ಸಹಿ ಹಾಕಿ, ರಾತ್ರಿ ಬಸ್ಸಿಗೆ ವಾಪಸ್ ಬರ್ತೀರಿ. ನಮ್ಮಪ್ಪನೂ ಹಾಗೇ ಬಂದಿದ್ದರು. ಸಹಿ ಹಾಕೋ ಮುಂಚೆ ದಾರಿಯ ಸಾಲು ಹುಡುಕಿ. ಎಷ್ಟು ಅಡಿ, ಯಾವ ಗಾಡಿ, ಯಾವ ಕೆಲಸಕ್ಕೆ ಅಂತ ಬರೆಸಿ. ಆ ಹೊತ್ತಿಗೆ ಎಲ್ಲರೂ ಒಂದೇ ಜಗಲಿ ಮೇಲೆ ಕೂತಿರ್ತಾರೆ, ಮಾತಾಡೋದು ಸುಲಭ.